ಮುಖ್ಯ ಅತಿಥಿಗಾಗಿ ಕಾಯುತ್ತಿರುವ ಮುಲಾಮು

ಮಾನ್ಯ ಕಾರ್ಯದರ್ಶಿಗಳೇ,

ಸುಟ್ಟ ಗಾಯದ ಉಬ್ಬಿದ ಕಲೆಗೆ ಹಚ್ಚುವ ಇನ್ನೂರ ಐದು ಟ್ಯೂಬ್ ಜೆಲ್ ಕಳೆದ ಆಗಸ್ಟ್ ತಿಂಗಳಿಂದ ಹರಿಹರದಲ್ಲಿರುವ ನಿಮ್ಮ ಸುಟ್ಟಗಾಯ ನೆರವು ಸಮಿತಿಯ ಕಚೇರಿಯ ಹಿಂದಿನ ಕೋಣೆಯಲ್ಲಿ ಬೀಗದೊಳಗೆ ಕೂತಿದೆ. ಅದನ್ನು ಹಚ್ಚಿಕೊಳ್ಳಬೇಕಾದ ನಲವತ್ತೊಂದು ಜನ ಬೀಗದ ಹೊರಗೆ ಕೂತಿದ್ದಾರೆ. ಜೆಲ್ ಕಡಿಮೆ ಬಿದ್ದಿಲ್ಲ. ಪಟ್ಟಿ ಸಿದ್ಧವಿದೆ. ಕೊಡಬಾರದೆಂದು ಯಾವ ವೈದ್ಯರೂ ಹೇಳಿಲ್ಲ. ಕೊಡುವಾಗ ಫೋಟೋದಲ್ಲಿ ನಿಲ್ಲಬೇಕಾದ ಮುಖ್ಯ ಅತಿಥಿಗೆ ಬಿಡುವಾಗಿಲ್ಲ, ಅಷ್ಟೇ. ಏಳು ತಿಂಗಳಿಂದ ನೀವು ಔಷಧವನ್ನು ಹಾರ, ಶಾಲುಗಳ ಜೊತೆ ಸಮಾರಂಭದ ಸಾಮಾನಾಗಿ ಮಾಡಿ ಇಟ್ಟಿದ್ದೀರಿ. ಇದು ಅನ್ಯಾಯ. ಇದನ್ನು ನಯವಾಗಿ ಹೇಳುವ ಬೇರೆ ಪದ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬಳಸುತ್ತಿರಲಿಲ್ಲ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ನಿಟ್ಟುವಳ್ಳಿಯವಳು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟ ಮೇಲೆ ದಾವಣಗೆರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತೇನೆ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಮಾಡುವ ಕೆಲಸ. ಊರಿಗೆಲ್ಲ ಆಫ್‌ಸೆಟ್ ಬಂದರೂ ನಮ್ಮ ಮಾಲೀಕರಾದ ಶಿವಮೂರ್ತಪ್ಪನವರು ಹಳೆಯ ಟ್ರೆಡಲ್ ಯಂತ್ರ ಬಿಟ್ಟಿಲ್ಲ. ಮದುವೆ ಕಾರ್ಡು, ರಸೀದಿ ಪುಸ್ತಕ, ಸಂಘಗಳ ಕರಪತ್ರ ನಮ್ಮಲ್ಲಿ ಅಚ್ಚಾಗುತ್ತವೆ. ನನ್ನ ಓದೆಲ್ಲ ಆ ಕರಪತ್ರಗಳದ್ದೇ. ಕೂಲಿಯ ಹಕ್ಕು, ಕುಡಿಯುವ ನೀರು, ಮೂಢನಂಬಿಕೆ, ಔಷಧದ ಹೆಸರಿನ ಮೋಸ, ಎಲ್ಲವನ್ನೂ ನಾನು ಮೊದಲು ಓದಿದ್ದು ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳಲ್ಲಿ. ಹಾಗೆ ಓದಿದವಳಿಗೆ ನೆಟ್ಟಗೆ ಕಾಣುವುದನ್ನೂ ಒಮ್ಮೆ ತಿರುಗಿಸಿ ನೋಡುವ ಚಟ ಹತ್ತುತ್ತದೆ. ನೀವು ಬರೆದುಕೊಟ್ಟ "ಉಚಿತ ಔಷಧ ವಿತರಣಾ ಸಮಾರಂಭ"ವನ್ನು ತಿರುಗಿಸಿ ನೋಡಿದೆ. ಔಷಧ ಎಲ್ಲೋ ಹಿಂದೆ ಬಿದ್ದಿತ್ತು.

ಆ ಆಮಂತ್ರಣ ಪತ್ರಿಕೆಯನ್ನು ನಾನು ಮೂರು ಸಲ ಅಚ್ಚಿಗೆ ಸಿದ್ಧ ಮಾಡಿದ್ದೇನೆ. ಒಳಪುಟದಲ್ಲಿ ನಲವತ್ತೊಂದು ಫಲಾನುಭವಿಗಳ ಹೆಸರು, ಹೊರಪುಟದಲ್ಲಿ ಸನ್ಮಾನ್ಯರ ಹೆಸರು. ಮೊದಲು ಅಕ್ಟೋಬರ್ ಎರಡು, ಗಾಂಧಿ ಜಯಂತಿ. ಮುಖ್ಯ ಅತಿಥಿಗಳಿಗೆ ಅದೇ ದಿನ ಬೇರೆ ಊರಲ್ಲಿ ಪೊರಕೆ ಹಿಡಿಯುವುದಿತ್ತು. ಆಮೇಲೆ ನವೆಂಬರ್ ಒಂದು, ರಾಜ್ಯೋತ್ಸವ. ಇಬ್ಬರು ಸನ್ಮಾನ್ಯರಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದು ಇತ್ಯರ್ಥವಾಗದೆ ಮುಂದಕ್ಕೆ ಹೋಯಿತು. ಮೂರನೆಯದು ಈ ಜನವರಿ ಇಪ್ಪತ್ತಾರು. ನಲವತ್ತೊಂದು ಜನರಿಂದ ವೇದಿಕೆ ತುಂಬುವುದಿಲ್ಲ, ಕನಿಷ್ಠ ನೂರು ಫಲಾನುಭವಿಗಳಾದರೂ ಬೇಕು ಎಂದು ಅತಿಥಿಗಳ ಕಡೆಯವರು ಹೇಳಿದರಂತೆ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ: ಉಳಿದ ಐವತ್ತೊಂಬತ್ತು ಜನ ಸುಟ್ಟುಕೊಂಡು ಬರಲಿ ಎಂದು ಕಾಯುತ್ತಿದ್ದೀರಾ?

ಪ್ರತಿ ಸಲ ಮುಂದಕ್ಕೆ ಹೋದಾಗಲೂ ಶಿವಮೂರ್ತಪ್ಪನವರು ಕನ್ನಡಕ ಹಣೆಗೇರಿಸಿ, "ಆ ಮ್ಯಾಟರ್ ಬಿಚ್ಚಬ್ಯಾಡಮ್ಮ ಸುಧಾ. ದಾರ ಕಟ್ಟಿ ಹಂಗೇ ಇಡು. ತಾರೀಖು ಅಷ್ಟೇ ಬದಲಾಯ್ಸಿದ್ರಾತು" ಎನ್ನುತ್ತಾರೆ. ಹೀಗೆ ನಿಮ್ಮ ಮ್ಯಾಟರ್, ಎಂದರೆ ಮೊಳೆ ಜೋಡಿಸಿದ ಪುಟ, ದಾರ ಸುತ್ತಿಕೊಂಡು ಆರು ತಿಂಗಳಿಂದ ನಮ್ಮ ಮೂಲೆಯಲ್ಲಿದೆ. ದಪ್ಪಕ್ಷರದ ಮೊಳೆಗಳು ನಮ್ಮಲ್ಲಿರುವುದೇ ಕೆಲವು. "ಮಾನ್ಯ"ರಿಗೆ ಬೇಕಾದವೆಲ್ಲ ಆ ಪುಟದಲ್ಲಿ ಸಿಕ್ಕಿಕೊಂಡಿವೆ. ಹೋದ ತಿಂಗಳು ಮದುವೆ ಕಾರ್ಡು ಒಯ್ಯಲು ಬಂದ ಬೀಗರೊಬ್ಬರು, "ನಮ್ಮ ಕಾರ್ಡ್ನಾಗೆ ಮಾನ್ಯ ಯಾಕ ಇಷ್ಟು ಸಣ್ಣದಾತು? ನಾವೇನು ಕಮ್ಮಿ ಬೀಗರಾ?" ಎಂದು ಜಗಳ ತೆಗೆದರು. ನಾನೇನು ಹೇಳಲಿ? ಮರ್ಯಾದೆಯ ಅಕ್ಷರಗಳೆಲ್ಲ ಹರಿಹರದ ಒಂದು ವೇದಿಕೆಗೆ ಮೀಸಲಾಗಿವೆ ಎನ್ನಲೇ?

ಇನ್ನು ನಿಮ್ಮ ಪಟ್ಟಿಯ ಹದಿನೇಳನೆಯ ಹೆಸರು. ಉಚ್ಚೆಂಗೆಮ್ಮ, ವಯಸ್ಸು ಇಪ್ಪತ್ತೆಂಟು, ಬಲತೋಳು. ಅವಳು ನನ್ನ ಅಕ್ಕ. ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ಕಾದ ಮರಳಿನಲ್ಲಿ ಮಂಡಕ್ಕಿ ಅರಳಿದ ತಕ್ಷಣ ಜರಡಿಗೆ ಸುರಿದುಕೊಂಡು, ಎರಡೂ ಕೈಯಲ್ಲಿ ಕುಲುಕಿ ಮರಳನ್ನು ಕೆಳಗಿಳಿಸುವ ಕೆಲಸ. ಹೋದ ವರ್ಷ ಏಪ್ರಿಲ್‌ನಲ್ಲಿ ಬಾಣಲೆ ವಾಲಿ ಮರಳು ಅವಳ ತೋಳಿನ ಮೇಲೆ ಬಿತ್ತು. ಜುಲೈ ಹೊತ್ತಿಗೆ ಗಾಯ ಮುಚ್ಚಿತು. ಮುಗಿಯಿತು ಎಂದುಕೊಂಡೆವು. ಆಗ ಕಲೆ ಏಳತೊಡಗಿತು. ಮೊದಲು ಕೆಂಪಗೆ, ಆಮೇಲೆ ದಪ್ಪಗೆ, ಆಮೇಲೆ ಹೊಸೆದ ಹಗ್ಗವನ್ನು ಚರ್ಮದ ಕೆಳಗೆ ಇಟ್ಟು ಹೊಲಿದಂತೆ. ಮೊಣಕೈಯ ಒಳಮಡಿಕೆಯಲ್ಲಿ ಆ ಹಗ್ಗ ಬಿಗಿಯುತ್ತಾ ಹೋಯಿತು. ನವೆ ಎಂದರೆ ಎಂಥ ನವೆ, ಮಾತನಾಡುತ್ತಿದ್ದವಳು ನಡುವೆ ನಿಲ್ಲಿಸಿ ಗೋಡೆಗೆ ತೋಳು ತಿಕ್ಕುತ್ತಾಳೆ. ಕೈ ಚಾಚು ಎಂದರೆ ಮುಕ್ಕಾಲು ಚಾಚುತ್ತಾಳೆ. ಜರಡಿಗೆ ಎರಡು ನೆಟ್ಟಗಿನ ಕೈ ಬೇಕು. ಅವಳ ಹತ್ತಿರ ಇರುವುದು ಒಂದೂ ಮುಕ್ಕಾಲು. ಅವಳನ್ನು ಯಾವ ಭಟ್ಟಿಯವರು ಮತ್ತೆ ಕರೆಯುತ್ತಾರೆ?

ನಿಮ್ಮ ಜೆಲ್ ಪವಾಡ ಎಂದು ನಾನು ವಾದಿಸುತ್ತಿಲ್ಲ. ಕನ್ನಡದಲ್ಲಿ ಕರಪತ್ರ ಮಾಡಿಕೊಡಿ ಎಂದು ನೀವೇ ಪ್ರೆಸ್ಸಿಗೆ ನಿಮ್ಮ ಕನ್ನಡ ಬರಹದ ಜೊತೆ ಜೆಲ್ ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಚೀಟಿಯನ್ನೂ ಕಳಿಸಿದ್ದಿರಿ. ನಿಘಂಟು ಹಿಡಿದು ಎರಡು ಭಾನುವಾರ ಅದನ್ನು ಓದಿದೆ. ನಪಾಸಾದವಳ ಇಂಗ್ಲಿಷು ಎಂಬ ಅನುಮಾನದಿಂದ, ಅಕ್ಕನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ ಬಳಿ ಸರಿಯೇ ಎಂದು ಕೇಳಿಕೊಂಡೂ ಬಂದೆ. ಗಾಯ ಪೂರ್ತಿ ಮುಚ್ಚಿದ ಮೇಲೆಯೇ ಹಚ್ಚಬೇಕು. ತೆಳ್ಳಗೆ ಹಚ್ಚಿ ಮೆಲ್ಲಗೆ ತೀಡಬೇಕು, ದಿನಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಕಲೆ ಮಾಯವಾಗುವುದಿಲ್ಲ. ಕೆಲವರಿಗೆ ಮೆತ್ತಗಾಗಿ ತಗ್ಗುತ್ತದೆ, ನವೆ ಇಳಿಯುತ್ತದೆ. ಕೆಲವರಿಗೆ ಹೆಚ್ಚೇನೂ ಆಗದೆಯೂ ಇರಬಹುದು. ಕೈ ಚಾಚುವ ವ್ಯಾಯಾಮವನ್ನಂತೂ ಬಿಡುವಂತಿಲ್ಲ. ಡಾಕ್ಟರು ಒತ್ತಿ ಹೇಳಿದ್ದು ಇಷ್ಟು: ಕಲೆ ಎಳೆಯದಾಗಿರುವಾಗ ಹಚ್ಚಿದರೆ ಆಸೆ ಇಟ್ಟುಕೊಳ್ಳಬಹುದು, ಬಲಿತ ಮೇಲೆ ಆಸೆ ಬಹಳ ಕಡಿಮೆ. ದಾವಣಗೆರೆಯ ಔಷಧದ ಅಂಗಡಿಗಳಲ್ಲಿ ಹೆಸರು ಬರೆದುಕೊಂಡು ಹೋಗಿ ಕೇಳಿದೆ. ಹೊರದೇಶದಿಂದ ದಾನ ಬಂದ ಮಾಲು, ಇಲ್ಲಿ ಸಿಗುವುದಿಲ್ಲ ಎಂದರು. ಅಂದರೆ ನಮ್ಮ ಕೈಗೆ ಎಟುಕುವ ಜೆಲ್ ಇರುವುದು ನಿಮ್ಮ ಕೋಣೆಯಲ್ಲಿ ಮಾತ್ರ.

ಅಕ್ಟೋಬರ್‌ನಲ್ಲಿ ಅಕ್ಕನನ್ನು ಕರೆದುಕೊಂಡು ನಿಮ್ಮ ಹತ್ತಿರ ಬಂದಿದ್ದೆ. ನೀವು ಒಳ್ಳೆಯ ಮಾತಿನವರು, ಅಲ್ಲಗಳೆಯುವುದಿಲ್ಲ. "ಬರ್ರಿ, ಕೂಡ್ರಿ" ಎಂದಿರಿ. ಚಹಾ ತರಿಸಿದಿರಿ. ಕೈ ನೋಡಿ "ಅಯ್ಯೋ ಪಾಪ" ಎಂದಿರಿ. ಆಮೇಲೆ ಹೇಳಿದಿರಿ: "ಇಷ್ಟು ದಿನ ತಡದೀರಿ, ಇನ್ನೊಂದು ತಿಂಗ್ಳು ತಡೀರಮ್ಮ. ಕಲೆ ಏನು ಎದ್ದು ಓಡಿ ಹೋಗ್ತೈತಾ?" ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ದೊಡ್ಡವರು ನಕ್ಕಾಗ ನಗದಿದ್ದರೆ ತಪ್ಪಾದೀತು ಎಂಬ ಭಯ ಅವಳದು. ನಿಮ್ಮ ಪ್ರಶ್ನೆಗೆ ಐದು ತಿಂಗಳಾದ ಮೇಲೆ ಈಗ ಉತ್ತರ ಹೇಳುತ್ತೇನೆ. ಇಲ್ಲ ಸ್ವಾಮಿ, ಕಲೆ ಓಡಿಹೋಗುವುದಿಲ್ಲ. ಅದೇ ಕಷ್ಟ. ನಿಮ್ಮ ಅತಿಥಿಗಳಂತೆ ಅದಕ್ಕೆ ಬೇರೆ ಊರಿನ ಕಾರ್ಯಕ್ರಮ ಇರುವುದಿಲ್ಲ. ಇದ್ದ ಜಾಗದಲ್ಲೇ ಇದ್ದು ದಿನ ತಪ್ಪದೆ ಬಲಿಯುತ್ತದೆ. ಓಡಿಹೋಗುತ್ತಿರುವುದು ಅದನ್ನು ಮೆತ್ತಗೆ ಮಾಡಬಹುದಾದ ದಿನಗಳು, ಆ ದಿನಗಳನ್ನು ಓಡಿಸುತ್ತಿರುವವರು ನೀವು.

ನವೆಂಬರ್ ಮೊದಲ ವಾರ, ಎರಡನೆಯ ಸಮಾರಂಭ ರದ್ದಾದ ಮೇಲೆ, ಹಂಚದೆ ಉಳಿದ ಕಾರ್ಡುಗಳ ಕಟ್ಟನ್ನು ತಲುಪಿಸಲು ನಿಮ್ಮ ಕಚೇರಿಗೆ ಬಂದೆ. ನೀವಿರಲಿಲ್ಲ. ಅಟೆಂಡರ್ ಬಡೇಸಾಬರು "ಒಳಗಿಡು ತಂಗಿ" ಎಂದು ಹಿಂದಿನ ಕೋಣೆಯ ಬೀಗ ತೆಗೆದರು. ಆ ಜೆಲ್ ನಾನು ಕಣ್ಣಾರೆ ಕಂಡದ್ದು ಆಗಲೇ. ಸುತ್ತಿಟ್ಟ ಶಾಮಿಯಾನದ ಬಟ್ಟೆ, ಪ್ಲಾಸ್ಟಿಕ್ ಹಾರ, ಸನ್ಮಾನದ ಶಾಲಿನ ಗಂಟು, ಅದರ ಪಕ್ಕ ರಟ್ಟಿನ ಪೆಟ್ಟಿಗೆಗಳು. ಒಂದರ ಬಾಯಿ ತೆರೆದಿತ್ತು. ಬೆರಳುದ್ದದ ಟ್ಯೂಬುಗಳು. ಪ್ರತಿಯೊಂದರ ಬಾಲದಲ್ಲೂ ಕೊನೆಯ ತಾರೀಖು ಒತ್ತಿತ್ತು: ಜೂನ್ ೧೯೯೯.

"ಒಂದು ಕೊಡ್ರಿ ಚಾಚಾ. ಹದಿನೇಳನೇ ನಂಬರಿಗೆ ಕೊಟ್ಟೆ ಅಂತ ಬರ್ಕಳ್ರಿ" ಎಂದೆ.

"ಸಾಹೇಬ್ರ ಹುಕುಂ ಇಲ್ದೆ ಅದರ ಮುಚ್ಚಳನೂ ಕೊಡಂಗಿಲ್ಲ ತಂಗಿ. ನನ್ನ ನೌಕ್ರಿ ಹೋಗ್ತೈತೆ" ಎಂದರು.

ಅವರು ಕೊಡಲಿಲ್ಲ. ಇದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ಆಮೇಲೆ ನೀರು ಕುಡಿಯಲು ಹೊರಗೆ ಹೋದವರು ಸಾಕಷ್ಟು ಹೊತ್ತಿನ ಮೇಲೆ ಬಂದರು. ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಒಂದು ಟ್ಯೂಬಿತ್ತು, ಹೆಗಲಲ್ಲಿ ಚೀಲವಿತ್ತು. ಆದರೆ ಉಳಿದ ನಲವತ್ತು ಹೆಸರುಗಳನ್ನು ಇದೇ ಕೈಯಿಂದ ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದ್ದೆ. ಅವರನ್ನು ಬಿಟ್ಟು ನನ್ನ ಅಕ್ಕನಿಗೊಂದನ್ನು ಕದ್ದರೆ ನಾನು ಓದಿದ್ದಕ್ಕೆ ಏನರ್ಥ? ಹಕ್ಕನ್ನು ಕೇಳಿ ಪಡೆಯಬೇಕು ಎಂದು ಹತ್ತು ಕರಪತ್ರಗಳಲ್ಲಿ ಓದಿದ್ದೆ. ಟ್ಯೂಬನ್ನು ಪೆಟ್ಟಿಗೆಗೆ ಹಾಕಿ ಬಂದೆ.

ಮನೆಗೆ ಬಂದು ಹೆಮ್ಮೆಯಿಂದಲೇ ಹೇಳಿದೆ. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಕೈಯಾಗೆ ಹಿಡ್ಕಂಡಿದ್ದೆ?"

"ಹೂಂ."

"ಯಾರೂ ಇರ್ಲಿಲ್ಲ?"

"ಇರ್ಲಿಲ್ಲ."

"ಮತ್ತೆ ಅಲ್ಲೇ ಇಟ್ಟು ಬಂದೆ! ಆ ನಲವತ್ತು ಮಂದಿ ನಿನಗೆ ಅಕ್ಕತಂಗೇರು, ನಾನ್ಯಾರೇ? ಓದಿ ಓದಿ ನಿನ್ನ ತಲ್ಯಾಗೂ ಮೊಳೆನೇ ತುಂಬ್ಯಾವೆ ನೋಡು, ಸೀಸದವು."

ಈಗ ನನ್ನ ಮನೆಯಲ್ಲಾದ ತಪ್ಪನ್ನೂ ಬರೆಯುತ್ತೇನೆ, ಏಕೆಂದರೆ ಅದರ ಬುಡ ನಿಮ್ಮ ಕಚೇರಿಯಲ್ಲಿದೆ. ನಿಮ್ಮ ಕರಪತ್ರದಲ್ಲಿ "ಈರುಳ್ಳಿಯ ಸತ್ವವನ್ನು ಒಳಗೊಂಡ ಜೆಲ್" ಎಂಬ ಸಾಲಿದೆ. ನಾನೇ ಜೋಡಿಸಿ, ನಾನೇ ಅಕ್ಕನಿಗೆ ಓದಿ ಹೇಳಿದ ಸಾಲು. "ಈರುಳ್ಳಿ ನಮ್ಮನ್ಯಾಗೂ ಐತಲ್ಲೇ" ಎಂದು ಆಗ ನಕ್ಕಿದ್ದಳು. ಜಗಳವಾದ ಮೂರನೆಯ ದಿನ, ನಾನು ಕೆಲಸದಲ್ಲಿದ್ದಾಗ, ಅಕ್ಕ ಅಂಗಡಿಗೆ ಹೋಗಿ ಎರಡು ದೊಡ್ಡ ಈರುಳ್ಳಿ ತಂದಳು. ಈರುಳ್ಳಿ ಮುಟ್ಟಿದರೆ ಕೈ ಸುಡುವಷ್ಟು ತುಟ್ಟಿಯಾಗಿ, ಹೋಟೆಲಿನವರು ಪಲ್ಯಕ್ಕೆ ಎಲೆಕೋಸು ಹೆಚ್ಚುತ್ತಿದ್ದ ದಿನಗಳವು. ಸಾರಿಗೂ ಹಾಕದೆ ಅದನ್ನು ನುಣ್ಣಗೆ ಅರೆದು, ಕಲೆಯ ಉದ್ದಕ್ಕೂ ಮೆತ್ತಿ, ಹಳೆಯ ಸೀರೆಯ ಚೂರಿನಿಂದ ಬಿಗಿದು ಕಟ್ಟಿಕೊಂಡಳು. ಉರಿಯಿತು. ಉರಿದರೆ ಔಷಧ ಹಿಡಿಯಿತು ಎಂಬುದು ನಮ್ಮ ಕೇರಿಯ ನಂಬಿಕೆ. ಹಲ್ಲು ಕಚ್ಚಿ ಸಂಜೆಯವರೆಗೆ ತಡೆದಳು. ನಾನು ಬಂದು ಬಟ್ಟೆ ಬಿಚ್ಚಿದಾಗ ಮೊಣಕೈ ಮಡಿಕೆಯಲ್ಲಿ ಬೊಬ್ಬೆ ಎದ್ದಿತ್ತು, ಅಲ್ಲಿನ ತೆಳು ಹೊಸ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು. ಅಕ್ಕ ನನ್ನನ್ನು ಬೈಯಲಿಲ್ಲ. "ಸುಧಿ, ಅವರ ಈರುಳ್ಳಿ ಬ್ಯಾರೆ ಜಾತಿದಿತ್ತೇನೇ?" ಎಂದು ಮಾತ್ರ ಕೇಳಿದಳು.

ಆ ಗಾಯ ಮತ್ತೆ ಮುಚ್ಚಲು ಜನವರಿ ಬಂತು. ಅಜ್ಞಾನ ಎಂದು ನೀವು ತಲೆ ಆಡಿಸಬಹುದು. ಆದರೆ ಕೇಳುತ್ತೇನೆ: ಔಷಧಕ್ಕಿಂತ ಮೊದಲು ಔಷಧದ ವರ್ಣನೆಯನ್ನು ಮನೆಮನೆಗೆ ಹಂಚಿದವರು ಯಾರು? ಹಸಿದವರ ಮುಂದೆ ಅಡುಗೆಯ ಹೆಸರು ಓದಿ ಹೇಳಿ ಅಡುಗೆಮನೆಗೆ ಬೀಗ ಹಾಕಿದರೆ, ಅವರು ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಎಷ್ಟು ಜನ ಹೀಗೆ ಈರುಳ್ಳಿ ಕಟ್ಟಿಕೊಂಡರೋ, ಸುಣ್ಣ ಬಳಿದುಕೊಂಡರೋ, ನಿಮ್ಮ ಕಡತದಲ್ಲಿ ಲೆಕ್ಕವಿದೆಯೇ?

ಮೂರನೆಯ ಕಾರ್ಡಿಗೆ ನೀವು ಹೊಸದೊಂದು ಸೂಚನೆ ಸೇರಿಸಿದಿರಿ. "ಫಲಾನುಭವಿಗಳು ತಮ್ಮ ಗಾಯದ ಕಲೆಗಳು ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವಂತೆ ಉಡುಪು ಧರಿಸಿ ವೇದಿಕೆಗೆ ಬರತಕ್ಕದ್ದು." ಈ ಸಾಲನ್ನೂ ನಾನೇ ಜೋಡಿಸಿದೆ. ಈ ಪತ್ರದಲ್ಲಿರುವ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ. ಸಾರಥಿ ಗ್ರಾಮದ ಚೌಡವ್ವ ನಿಮ್ಮ ಪಟ್ಟಿಯಲ್ಲಿ ಇಪ್ಪತ್ತೆರಡನೆಯವರು. ಸೀಮೆಎಣ್ಣೆ ಸ್ಟೌ ಸಿಡಿದು ಕುತ್ತಿಗೆಯಿಂದ ಎದೆಯವರೆಗೆ ಸುಟ್ಟುಕೊಂಡವರು. ಆ ಕಾರ್ಡು ಹಿಡಿದು, ಕೆಳಗಿದ್ದ ವಿಳಾಸ ಕೇಳುತ್ತಾ, ಬಸ್ಸಿನಲ್ಲಿ ಪ್ರೆಸ್ಸಿಗೇ ಬಂದರು. "ನಂಗೆ ಓದಾಕೆ ಬರಲ್ಲವ್ವಾ, ಏನು ಬರದೈತೆ ಹೇಳು" ಎಂದರು. ಓದಿದೆ. ಸೆರಗನ್ನು ಕುತ್ತಿಗೆಗೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು.

"ಸ್ಟೇಜಿನ ಮ್ಯಾಲೆ? ಅಷ್ಟು ಮಂದಿ ಮುಂದೆ? ನನ್ನ ಗಂಡಗೇ ನಾನು ಇದನ್ನ ಸರಿಯಾಗಿ ತೋರ್ಸಿಲ್ಲವ್ವಾ. ನನ್ನ ಹೆಸ್ರು ಹೊಡೆದಾಕಿಬಿಡು. ಆ ಮುಲಾಮು ಬರೋ ದೊಡ್ಡಮನಷಾನೇ ಹಚ್ಕಳ್ಳಿ."

ಹೆಸರು ಹೊಡೆಯುವ ಅಧಿಕಾರ ನನಗಿಲ್ಲ ಎಂದೆ.

"ಹಂಗಾರೆ ಇದನ್ನ ಬರಿಯೋ ಅಧಿಕಾರ ಹೆಂಗೆ ಬಂತು ನಿನಗೆ?" ಎಂದು ಕೇಳಿ, ಚಹಾ ಕುಡಿಯದೆ ಹೊರಟುಹೋದರು.

ದಾನ ಕೊಟ್ಟವರಿಗೆ ಫೋಟೋ ಕಳಿಸಬೇಕು, ಅದು ಕ್ರಮ ಎನ್ನುತ್ತೀರಿ. ಕಳಿಸಿ. ಹೆಬ್ಬೆಟ್ಟು ಒತ್ತಿದ ರಸೀದಿ ಕಳಿಸಿ, ಖಾಲಿ ಪೆಟ್ಟಿಗೆಯ ಫೋಟೋ ಕಳಿಸಿ. ಖಾಲಿ ಪೆಟ್ಟಿಗೆಗಿಂತ ದೊಡ್ಡ ಸಾಕ್ಷಿ ಯಾವ ದಾನಿಗೆ ಬೇಕು? ಅಥವಾ ಜೂನ್ ದಾಟಲಿ ಎಂದು ಬಿಡಿ. ಆಗ ಇನ್ನೊಂದು ಕ್ರಮವಿದೆ, ಅದೂ ನನಗೆ ಗೊತ್ತು: "ಅವಧಿ ಮೀರಿದ ದಾಸ್ತಾನನ್ನು ನಿಯಮಾನುಸಾರ ನಾಶಪಡಿಸಲಾಯಿತು." ಅದಕ್ಕೆ ಮುಖ್ಯ ಅತಿಥಿ ಬೇಡ, ಆಮಂತ್ರಣ ಬೇಡ, ಒಂದೇ ದಿನದಲ್ಲಿ ಮುಗಿಯುತ್ತದೆ. ಸುಡಲು ತೋರುವ ಈ ಚುರುಕನ್ನು ಹಂಚಲು ತೋರಿಸಿದರೆ ಯಾರ ಅಧಿಕಾರಕ್ಕೆ ಕುಂದು ಬರುತ್ತದೆ?

ಹೋದ ವಾರ ಅಕ್ಕನನ್ನು ಮತ್ತೆ ಡಾಕ್ಟರಿಗೆ ತೋರಿಸಿದೆ. ತೋಳಿನ ಮೇಲ್ಭಾಗದ ಕಲೆ ಗಟ್ಟಿಯಾಗುತ್ತಾ ಬಂದಿದೆ, ಅದರ ಆಸೆ ಹೆಚ್ಚು ಇಟ್ಟುಕೊಳ್ಳಬೇಡಿ ಎಂದರು. ಮೊಣಕೈ ಮಡಿಕೆಯಲ್ಲಿ, ಈರುಳ್ಳಿಯಿಂದ ಕಿತ್ತು ಜನವರಿಯಲ್ಲಿ ಮುಚ್ಚಿದ ಜಾಗ ಮಾತ್ರ ಇನ್ನೂ ಕೆಂಪಗಿದೆ, ಮೆತ್ತಗಿದೆ. ಕೈ ನೆಟ್ಟಗಾಗುವುದೋ ಇಲ್ಲವೋ ಎಂಬುದು ಆ ಮೂರು ಬೆರಳು ಅಗಲದ ಜಾಗದ ಮೇಲೆ ನಿಂತಿದೆ. "ಹಚ್ಚೋದಾದ್ರೆ ಈಗಲೇ ಶುರು ಮಾಡ್ಬೇಕು" ಎಂದರು ಡಾಕ್ಟರು. ಅಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಆದ್ದರಿಂದ ನಾನು ಕೇಳುವುದು ಬೇಡಿಕೆ, ವಿನಂತಿಯಲ್ಲ. ಬೀಗ ತೆಗೆಯಿರಿ. ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಅವರ ಪಾಲಿನ ಐದು ಟ್ಯೂಬು ಅವರ ಕೈಗೇ ಕೊಡಿ. ಗಾಯ ಮುಚ್ಚಿದೆಯೇ ಎಂದು ನೋಡಲು ಒಬ್ಬ ಡಾಕ್ಟರನ್ನು ಕೂರಿಸಿ, ಹೆಂಗಸರಿಗೆ ಪರದೆ ಕಟ್ಟಿ. ಶಾಮಿಯಾನದ ಬಟ್ಟೆ ನಿಮ್ಮಲ್ಲೇ ಇದೆಯಲ್ಲ. ಹೇಗೆ ಹಚ್ಚಬೇಕು ಎಂದು ಬಾಯಲ್ಲಿ ಹೇಳಿ, ಮನೆಯ ಈರುಳ್ಳಿ ಕಟ್ಟಬಾರದು ಎಂಬುದನ್ನು ಮೊದಲು ಹೇಳಿ. ಮುಂದೆ ಬರುವ ಯಾವ ಔಷಧಕ್ಕೂ ವೇದಿಕೆಯ ದಾರಿ ಕಾಯಿಸಬೇಡಿ.

ನಾಲ್ಕು ದಿನದ ಹಿಂದೆ ಈ ಪತ್ರ ಬರೆದು, ಅಚ್ಚು ಹಾಕಲೇ ಎಂದು ಶಿವಮೂರ್ತಪ್ಪನವರ ಮುಂದಿಟ್ಟೆ. ಸಮಿತಿ ನಮ್ಮ ಗಿರಾಕಿ, ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಇಟ್ಟೆ. ಎರಡು ಸಲ ಓದಿದರು. "ಕೆಳಗೆ ಮುದ್ರಕರು ಅಂತ ನನ್ನ ಹೆಸ್ರು ಹಾಕಮ್ಮ, ಹಾಕ್ಬೇಕು ಅಂತ ಕಾನೂನೈತೆ" ಎಂದರು. ಆಮೇಲೆ ಕನ್ನಡಕ ಹಣೆಗೇರಿಸಿ, "ದಪ್ಪ ಮೊಳೆ ಕಡಿಮೆ ಬಿದ್ರೆ ಮೂಲ್ಯಾಗಿನ ಮ್ಯಾಟರ್ ಬಿಚ್ಚು" ಎಂದರು. ಆರು ತಿಂಗಳಿಂದ ಕಟ್ಟಿದ್ದ ದಾರವನ್ನು ಬಿಚ್ಚಿದೆ. ಈ ಪತ್ರದ ಮೊದಲ ಸಾಲಿನಲ್ಲಿರುವ "ಮಾನ್ಯ" ನಿಮ್ಮ ಆಮಂತ್ರಣದಿಂದಲೇ ತೆಗೆದದ್ದು. ಆ ಪುಟ ಈಗ ಇಲ್ಲ. ಹಳೆಯ ಸಮಾರಂಭಕ್ಕೆ ಹೊಸ ತಾರೀಖು ಹಾಕುವಂತಿಲ್ಲ. ಬದಲಿಗೆ ನಾಲ್ಕನೆಯ ಆಮಂತ್ರಣವೊಂದನ್ನು ನಾನೇ ಜೋಡಿಸಿದ್ದೇನೆ, ಕೆಳಗಿದೆ. ನಲವತ್ತೊಂದು ಜನರಿಗೂ ತಲುಪಿಸಿದ್ದೇನೆ. ಸಾರಥಿಗೆ ಹೋಗಿ ಚೌಡವ್ವನವರಿಗೆ ಓದಿಯೂ ಹೇಳಿದ್ದೇನೆ. ಸೆರಗು ಹೊದ್ದೇ ಬರುತ್ತಾರಂತೆ.

ಇಂತಿ,
ಕದಿಯಲು ಬಾರದ, ಸುಮ್ಮನಿರಲೂ ಬಾರದ,
ಹದಿನೇಳನೆಯ ಹೆಸರಿನ ತಂಗಿ
ಸುಧಾ, ನಿಟ್ಟುವಳ್ಳಿ

ನಾಲ್ಕನೆಯ ಆಮಂತ್ರಣ
ಮುಖ್ಯ ಅತಿಥಿಗಳು: ಯಾರೂ ಇಲ್ಲ
ಸ್ಥಳ: ಹರಿಹರ, ಸಮಿತಿ ಕಚೇರಿಯ ಹಿಂದಿನ ಕೋಣೆಯ ಬಾಗಿಲು
ತಾವು ತರಬೇಕಾದದ್ದು: ಬೀಗದ ಕೈ
ದಿನ: ಯುಗಾದಿಯ ವಾರದ ಸೋಮವಾರ, ಮಾರ್ಚ್ ಹದಿನೈದು, ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ

ಮುದ್ರಕರು: ಶಿವಮೂರ್ತಪ್ಪ, ದಾವಣಗೆರೆ